ಗಣಿಬಾವಿಯ ಬೆಚ್ಚನೆ ನೀರು

ಜಜ್ಜಿದ ಬೆಳ್ಳುಳ್ಳಿಯ ವಾಸನೆ. ಪಂಪಿನ ಮನೆಯ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಶೇಖಮ್ಮನಿಗೆ ಅದು ಬಡಿಯಿತು. ಮೂಲೆಯಲ್ಲಿ ಗಣಿಯ ಹಳೆಯ ದೀಪಗಳನ್ನು ಗುಡ್ಡೆ ಹಾಕಿದ್ದರು. ಪಕ್ಕದಲ್ಲಿ ಆ ದೀಪಗಳಿಗೆ ಹಾಕುವ ಕಾರ್ಬೈಡಿನ ಡಬ್ಬಿ, ಮುಚ್ಚಳ ಕಿತ್ತದ್ದು. ಸೋರಿದ ನೀರು ತಾಗಿ ಅದರ ತಳ ಸಣ್ಣಗೆ ನೊರೆಯಾಡುತ್ತಿತ್ತು. ಅವಳು ಒಂಬತ್ತು ವರ್ಷದವಳಿದ್ದಾಗ ಅಪ್ಪ ಹುಲಗಪ್ಪ ಪಾಳಿ ಮುಗಿಸಿ ಬಂದು, ತಲೆಯ ರುಮಾಲು ಬಿಚ್ಚಿ ಅವಳ ಮಡಿಲಿಗೆ ಒಗೆದರೆ ಇದೇ ವಾಸನೆ ಬರುತ್ತಿತ್ತು. ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ಈಗ ವಾಸನೆ ಬಂತು, ಅಷ್ಟೆ. ಅದರ ಹಿಂದೆ ಮತ್ತೇನೂ ಬರಲಿಲ್ಲ.

"ಬರ್ರಿ ಟೀಚರ್ರ," ಎಂದ ಅಮರಪ್ಪ. ಇಪ್ಪತ್ತೆರಡು ವರ್ಷದಿಂದ ಪಂಪು ನೋಡಿಕೊಂಡು ಬಂದವನು. ಶೇಖಮ್ಮ ಅಂಗನವಾಡಿಗೆ ಸೇರಿದಾಗಿನಿಂದ ಅವನ ಬಾಯಲ್ಲಿ ಅವಳು ಟೀಚರ್ರು. ಸ್ಟೂಲಿನ ಮೇಲಿನ ಗ್ರೀಸನ್ನು ತನ್ನ ಟವೆಲಿನಿಂದಲೇ ಒರೆಸಿ ಅವಳ ಕಡೆ ಸರಿಸಿದ. "ನಾಳಿಗಿ ಹತ್ತಕ್ಕ ಪಂಪ ಬಂದ್ ಮಾಡಂತ ಹುಕುಂ ಬಂದಾದ್ರಿ."

"ನಾಳಿಗೇನಾ?"

"ಖರೆ ಹೇಳಬೇಕಂದ್ರ ಹೋದ ತಿಂಗಳಾ ಬಂದಿತ್ತು. ಕೆಳಗಿನ ಸಾಮಾನ ಇನ್ನಾ ಎತ್ತಿಲ್ಲ ಅಂತ ಸುಳ್ಳ ಬರ್ದ ಬರ್ದ ಕಳಿಸಿ ಒಂದು ತಿಂಗಳ ಎಳದೀನಿ. ಇನ್ನ ನಂಬಂಗಿಲ್ಲ ಅವರು." ಅಮರಪ್ಪ ಕಿಟಕಿಯಾಚೆ ನೋಡಿದ. "ಈ ಕಾಲುವಿ ನೀರ ನೋಡ್ರಿ. ನಮ್ಮ ಹೊಲಕ್ಕ ಬಾ ಅಂದ್ರ ಬರಂಗಿಲ್ಲ, ಕರೀಲಾರದ ಗಣಿಬಾವಿಗಿ ಬರ್ತದ. ಎಷ್ಟ ಜಗ್ಗಿದ್ರೂ ಮುಗೀವಲ್ದು."

"ನಮ್ಮವ್ವಗ ಹೇಳಿಯೇನು?"

"ನಾ ಹೆಂಗ ಹೇಳ್ಲಿ? ನೀವು ಸಾಲಿ ಕಲ್ತವ್ರು, ನೀವಾ ಹೇಳ್ರಿ."

ಕೆಂಗುಡ್ಡದ ಚಿನ್ನದ ಗಣಿ ಮುಚ್ಚಿ ಎರಡು ವರ್ಷವಾಗಿತ್ತು. ಕಲ್ಲಿನಲ್ಲಿ ಬಂಗಾರ ಕಡಿಮೆಯಾಯಿತು ಎಂದು ಒಂದು ಕಾಗದ ಅಂಟಿಸಿ ಹೋದರು. ಕೆಲಸಗಾರರ ಸಾಲು ಮನೆಗಳಲ್ಲಿ ಈಗ ಕಾಲುಭಾಗ ಮಂದಿ ಉಳಿದಿದ್ದರು. ಖಾಲಿ ಬಿದ್ದವುಗಳ ಬಾಗಿಲು, ತಗಡು ಒಂದೊಂದಾಗಿ ಕಾಣೆಯಾದವು. ಬಾವಿಗೆ ಇಳಿಯುತ್ತಿದ್ದ ಗಂಡಸರು ಕಾಲುವೆ ಬದಿಯ ಗದ್ದೆಗಳಿಗೆ ಇಳಿದರು. ಪಾಳಿ ಬದಲಿಗೆ ಭೋಂಗಾ ಕೂಗುವುದು ನಿಂತಿತು. ನಿಲ್ಲದೆ ಉಳಿದದ್ದು ಪಂಪೊಂದೇ. ಮುಂದೆ ಯಾರಾದರೂ ಗಣಿ ತೆರೆದಾರು ಎಂದು ಅದನ್ನು ಓಡಿಸುತ್ತಿದ್ದರು. ಅದು ಎತ್ತಿದ ನೀರು ಕೊಳವೆಯಿಂದ ತೋಡಿಗೆ ಬಿದ್ದು ಹರಿಯುತ್ತಿತ್ತು. ಭೂಮಿಯ ಆಳದಿಂದ ಬಂದದ್ದಕ್ಕೋ ಏನೋ, ಚಳಿಗಾಲದ ಬೆಳಗ್ಗೆ ಆ ನೀರು ಬೆಚ್ಚಗಿರುತ್ತಿತ್ತು. ಶೇಖಮ್ಮನ ತಾಯಿ ಬಾಲಮ್ಮ ದಿನಾ ಅಲ್ಲಿಗೇ ಹೋಗಿ ಮುಖ ತೊಳೆಯುತ್ತಿದ್ದಳು.

ಆ ಬಾವಿಯ ಮೂರನೇ ಲೆವೆಲ್ಲಿನಲ್ಲಿ, ಮೇಲಿನಿಂದ ಮೂರನೇ ಸುರಂಗದಲ್ಲಿ, ಹುಲಗಪ್ಪನಿದ್ದ. ಮೂವತ್ತಾರು ವರ್ಷದ ಹಿಂದೆ ಮೇಲಿನ ಬಂಡೆ ಕುಸಿದಾಗ ನಾಲ್ವರಲ್ಲಿ ಮೂವರು ತೆವಳಿ ಹೊರಬಂದರು. ಹನ್ನೊಂದು ದಿನ ಅಗೆದರೂ ಹುಲಗಪ್ಪ ಸಿಗಲಿಲ್ಲ. ಆಮೇಲೆ ಅಲ್ಲಿಗೆ ಗೋಡೆ ಕಟ್ಟಿದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ಓಣಿಯವರೇ ರೊಟ್ಟಿ ತರುತ್ತಾರೆ. ಬಂಡೆ ಕುಸಿದ ಐದನೆಯ ದಿನ, ಇನ್ನೂ ಅಗೆಯುತ್ತಿದ್ದಾಗಲೇ, ಮಗ್ಗುಲ ಮನೆಯ ಸಾಯಬಮ್ಮ, ಆಗಿನ್ನೂ ಹೊಸ ಸೊಸೆ, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೊಸ್ತಿಲ ಹೊರಗೆ ನಿಂತಳು. ಬಾಲಮ್ಮ ಒಲೆಯ ಮುಂದೆ ಕುಳಿತು ಹಿಟ್ಟು ನಾದುತ್ತಿದ್ದಳು. "ಯಾರ ಸತ್ತಾರಂತ ತಂದಿ?" ಎಂದಳು. "ನಮ್ಮ ಒಲಿ ಹತ್ತ್ಯಾದ, ಹೊಗಿ ಕಾಣಂಗಿಲ್ಲೇನು ನಿನಗ?" ಸಾಯಬಮ್ಮ ಗಂಟನ್ನು ಎದೆಗೊತ್ತಿಕೊಂಡು ಹಿಂದಿರುಗಿದಳು.

ಅಂದಿನಿಂದ ಆ ಮನೆಯಲ್ಲಿ ಆ ಮಾತು ಯಾರೂ ಆಡಲಿಲ್ಲ. ತಿಥಿ, ದಿನಕರ್ಮ ಏನೂ ನಡೆಯಲಿಲ್ಲ. ಬಾಲಮ್ಮ ಹಸಿರು ಬಳೆ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಹುಚ್ಚಿಯಂತೂ ಅಲ್ಲ. ಯಾರಾದರೂ ಕೆದಕಿದರೆ, "ನಾ ಕಣ್ಣಲೆ ನೋಡಿಲ್ಲ. ನೋಡಲಾರದ್ದು ಹೆಂಗ ಅನ್ಲಿ?" ಎನ್ನುತ್ತಿದ್ದಳು. ಬಸುರಿಗೆ ಕುಬುಸ ಮಾಡುವ ಮನೆಗಳಲ್ಲಿ ಇವಳಿಗೆ ಕುಂಕುಮ ಕೊಡಬೇಕೋ ಬೇಡವೋ ಎಂದು ಹೆಂಗಸರು ತಟ್ಟೆ ಹಿಡಿದು ಮುಖ ಮುಖ ನೋಡಿಕೊಳ್ಳುವಾಗ ಸಾಯಬಮ್ಮ ಎದ್ದು ಮೊದಲು ಬಾಲಮ್ಮನ ಹಣೆಗೇ ಹಚ್ಚುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿದವರಲ್ಲ.

ಶೇಖಮ್ಮನ ಮದುವೆಯ ಕಾಗದದಲ್ಲಿ ಅಪ್ಪನ ಹೆಸರಿನ ಹಿಂದೆ ಏನು ಬರೆಯಬೇಕೆಂದು ಮಾಸ್ತರರು ಪೆನ್ನು ಹಿಡಿದು ಕೂತೇ ಇದ್ದರು. ಕೊನೆಗೆ ಬರೀ ಹೆಸರು ಬರೆದರು. ಅವಳು ಅಪ್ಪನಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಅವ್ವ ಅಳದೆ ತಾನು ಅಳುವುದು ಹೇಗೆ? ಕಾಯುತ್ತ ಕಾಯುತ್ತ, ಅಳಬೇಕಾದದ್ದು ಎಲ್ಲಿತ್ತೋ ಅದೇ ಮರೆತುಹೋಗಿತ್ತು. ಪಂಪು ನಿಂತು ಬಾವಿಗೆ ನೀರು ತುಂಬಿದ ಮೇಲೂ ಅವ್ವ ನಾಳೆ, ನಾಡದು ಹೀಗೇ ರೊಟ್ಟಿ ಬಡಿಯುತ್ತ ಕೂತರೆ ತನ್ನ ಪಾಲಿಗೆ ಅಪ್ಪ ಎಂದಿಗೂ ಸಾಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಸಂಜೆ ಬಾಲಮ್ಮ ರೊಟ್ಟಿ ಬಡಿಯುವಾಗ ಶೇಖಮ್ಮ ಎದುರಿಗೆ ಕುಳಿತು ಹೇಳಿದಳು. "ಯವ್ವಾ, ನಾಳಿಗಿ ಪಂಪ ಬಂದ್ ಮಾಡ್ತಾರಂತ."

ಬಾಲಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ತುಂಬಾಕ ಎಷ್ಟ ದಿನ ಹಿಡೀತದ?"

"ಮೂರನೇ ಲೆವೆಲ್ಲಿಗಿ ಹದಿನೈದ ದಿನ ಅಂತಾನ ಅಮರಪ್ಪ."

"ಹದಿನೈದ ದಿನ," ಎಂದು ಬಾಲಮ್ಮ ರೊಟ್ಟಿ ತಿರುವಿ ಹಾಕಿದಳು. ಬೆಂದದ್ದನ್ನು ಬುಟ್ಟಿಗೆ ಹಾಕುತ್ತ, "ಇಷ್ಟ ದಿನ ಅಲ್ಲಿ ಒಣಾ ಇತ್ತು," ಎಂದಳು. ಆಮೇಲೆ ಮಗಳ ತಟ್ಟೆಗೆ ಶೇಂಗಾದ ಚಟ್ನಿಪುಡಿ ಹಾಕಿದಳು.

ಮರುದಿನ ಬೆಳಗ್ಗೆ ತೋಡಿನ ದಂಡೆಯಲ್ಲಿ ಹೆಂಗಸರು ಕೌದಿ, ಚಾದರ, ಸಿಕ್ಕಿದ್ದೆಲ್ಲ ತಂದು ಒಗೆಯುತ್ತಿದ್ದರು. ಪಂಪು ನಿಲ್ಲಿಸಲು ಬಂದ ಸಾಹೇಬನ ಜೀಪು ಪಂಪಿನ ಮನೆಯ ಮುಂದೆ ನಿಂತಿತ್ತು.

"ನಾಳಿಂದ ಎಲ್ಲಿ ಒಗೀತಿಯೇ ಮೋನಮ್ಮಾ?"

"ಸಾಹೇಬನ ಜೀಪ್ ಅದಲ್ಲ, ಅದರ ಮ್ಯಾಲ ಬಡೀತೀನಿ ತಗೊ!"

ನಗು ಎದ್ದಿತು. ಬಾಲಮ್ಮ ಬರುವುದು ಕಂಡು ನಗು ತಾನಾಗಿ ತಗ್ಗಿತು. ಮೋನಮ್ಮ ಕೊಳವೆಯ ಬಾಯಿಯ ಹತ್ತಿರ ಹರವಿದ್ದ ತನ್ನ ಕೌದಿ ಎಳೆದುಕೊಂಡು ಜಾಗ ಬಿಟ್ಟಳು. ಬಟ್ಟೆ ಹಿಂಡುತ್ತಿದ್ದ ಸಾಯಬಮ್ಮ, ಈಗ ಅವಳ ತಲೆಯೂ ಬೆಳ್ಳಗಾಗಿತ್ತು, ಎದ್ದು ನಿಂತಳು. ಬಾಲಮ್ಮ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಗಳನ್ನು ನೀರಿನ ಕೆಳಗೆ ಹಿಡಿದಳು. ಮುಖ ತೊಳೆಯಲಿಲ್ಲ. ಸುಮ್ಮನೆ ಹಿಡಿದಿದ್ದಳು.

ಜೀಪಿನ ಸಾಹೇಬ ಗಡಿಯಾರ ನೋಡಿಕೊಂಡ. "ಹತ್ತು ಆಯ್ತಲ್ಲಪ್ಪಾ."

"ಆಯಿ ಕೈ ತೊಳ್ಕೊಳಾಕತ್ತಾಳ್ರಿ ಸಾಹೇಬ್ರ," ಎಂದ ಅಮರಪ್ಪ. "ಆಗಲ್ರಿ."

ಬೇರೆ ಊರಿನ, ಎಳೆ ಮೀಸೆಯ ಸಾಹೇಬ. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೂ ಏನನ್ನೂ ಕೇಳದೆ ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡು ಜೀಪಿಗೆ ಒರಗಿ ನಿಂತ. ಬಾಲಮ್ಮ ತಾನಾಗಿ ಕೈ ತೆಗೆದ ಮೇಲೆಯೇ ಅಮರಪ್ಪ ಒಳಗೆ ಹೋದ.

ಸಪ್ಪಳ ನಿಂತಿತು. ಕೊಳವೆಯ ನೀರು ಬೆರಳಷ್ಟಾಗಿ, ದಾರದಷ್ಟಾಗಿ, ಆಮೇಲೆ ಹನಿಯಾಯಿತು. ಕಾಲುವೆ ಬದಿಯ ಗದ್ದೆಯಲ್ಲಿ ನಾಟಿ ಹಚ್ಚುವವರ ಮಾತು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಹತ್ತಿರ ಅವರು ಯಾವಾಗಲೂ ಇದ್ದರೆಂದು ಶೇಖಮ್ಮನಿಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಬಾಲಮ್ಮ ಹೊಸ್ತಿಲ ಒಳಗೆ ಓಣಿಯ ಕಡೆ ಮುಖ ಮಾಡಿ ಕುಳಿತಳು. ಹೊತ್ತು ನೆತ್ತಿಗೆ ಬಂತು. ಅವ್ವ ಏಳಲಿಲ್ಲವೆಂದು ಶೇಖಮ್ಮನೇ ಒಳಗೆ ಹೋಗಿ ಹಿಟ್ಟು ನಾದುವ ಕೊಣಮಿಗೆಗೆ ಜೋಳದ ಹಿಟ್ಟು ಸುರಿದಳು, ಕಟ್ಟಿಗೆ ಒಟ್ಟಿದಳು, ಕಡ್ಡಿಪೆಟ್ಟಿಗೆ ತಡಕಿದಳು.

"ಬ್ಯಾಡ," ಎಂದಳು ಬಾಲಮ್ಮ.

ಕಡ್ಡಿ ಶೇಖಮ್ಮನ ಕೈಯಲ್ಲೇ ಉಳಿಯಿತು. ಅವ್ವನ ಬೆನ್ನಷ್ಟೇ ಅವಳಿಗೆ ಕಾಣುತ್ತಿತ್ತು. ಅದು ಅಲುಗಲಿಲ್ಲ. ಶೇಖಮ್ಮ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು, ತಣ್ಣಗಿದ್ದ ಒಲೆಯ ಪಕ್ಕದಲ್ಲೇ ಕುಳಿತಳು.

ಇವರ ಮಾಡಿನ ಮೇಲೆ ಹೊಗೆ ಕಾಣದ್ದನ್ನು ಓಣಿ ನೋಡಿರಬೇಕು. ಬಹಳ ಹೊತ್ತಾಗಲಿಲ್ಲ. ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಸಾಯಬಮ್ಮ ಬಿಳಿ ಬಟ್ಟೆಯ ಗಂಟು ಹಿಡಿದು, ಅಂದು ರೊಟ್ಟಿ ತಂದು ನಿಂತಲ್ಲೇ, ಹೊಸ್ತಿಲ ಹೊರಗೆ ನಿಂತಿದ್ದಳು. ರೊಟ್ಟಿಯ ಮೇಲೆ ಪುಂಡಿ ಸೊಪ್ಪಿನ ಪಲ್ಲೆ ಇಟ್ಟಿದ್ದಿರಬೇಕು, ಬಟ್ಟೆಯ ಒಂದು ಮೂಲೆ ಹಸಿರಾಗಿತ್ತು. ಅವಳು ಒಳಗೆ ಬರಲಿಲ್ಲ. ಬಗ್ಗಿ, ಗಂಟನ್ನು ಮುಂದೆ ಚಾಚಿದಳು.

ಬಾಲಮ್ಮ ಅದನ್ನು ನೋಡುತ್ತ ಕುಳಿತಳು. ಆಮೇಲೆ ಎರಡೂ ಕೈ ಮೇಲೆತ್ತಿದಳು. ಆ ಕೈಗಳು ಗಂಟಿನ ಕೆಳಗೆ ಸರಿಯಾಗಿ ಕೂತವೆಂದು ಗೊತ್ತಾಗುವ ತನಕ ಸಾಯಬಮ್ಮ ಬಿಡಲಿಲ್ಲ.