ದೊಡ್ಡಮ್ಮ ತೋರಿಸದ ಸೊಪ್ಪು

ನನ್ನ ಬಾಯಿ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಇದೇ ಬಾಯಿ ಒಂದು ಗುಟ್ಟನ್ನು ನಲವತ್ತು ವರ್ಷ ಬಿಟ್ಟುಕೊಟ್ಟಿಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ದೊಡ್ಡಪ್ಪನದು ಪುಸ್ತಕ ಬೈಂಡಿಂಗ್ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಟಿನ ವಾಸನೆ, ರಟ್ಟಿನ ರಾಶಿ, ಗೋಡೆಯ ಪಕ್ಕ ಕಾಗದ ಕತ್ತರಿಸುವ ಮಿಷನ್ನು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲೋ ಐದು ಮಕ್ಕಳು, ಕಾಲಿಡಲು ಜಾಗವಿಲ್ಲ. ಶಾಲೆ ಬಿಟ್ಟ ಕೂಡಲೇ ಎರಡು ಬೀದಿ ದಾಟಿ ನಾನು ಅಲ್ಲಿಗೆ ಓಡುತ್ತಿದ್ದೆ. ಹಾಳೆ ಮಡಚುವುದು, ಹೊಲಿಗೆಗೆ ತೂತು ಹಾಕುವುದು ನನ್ನ ಕೆಲಸ. ದಿನ ಬಿಟ್ಟು ದಿನ ಬೆರಳು ಕೊಯ್ದುಕೊಳ್ಳುವುದೂ ನನ್ನದೇ ಕೆಲಸ.

ರಕ್ತ ಕಂಡರೆ ಸಾಕು, ದೊಡ್ಡಪ್ಪ "ಅಯ್ಯೋ, ಹಾಳೆಗೆ ಹತ್ತುತ್ತೆ, ದೂರ ಹೋಗೇ!" ಎಂದು ಕೂಗುತ್ತಿದ್ದರು. ದೊಡ್ಡಮ್ಮ ಮಾತ್ರ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು. "ಹಿಂದೆ ಬಂದ್ರೆ ನೋಡು!" ಎಂದು ಗದರಿಸಿ, ಅಂಗೈಯಲ್ಲಿ ಏನನ್ನೋ ಹೊಸಕುತ್ತಾ ವಾಪಸು ಬಂದು, ಗಾಯದ ಮೇಲೆ ಹಸಿರು ರಸ ಹಿಂಡುತ್ತಿದ್ದಳು. ಚುರ್ ಎನ್ನುತ್ತಿತ್ತು. ರಕ್ತ ನಿಲ್ಲುತ್ತಿತ್ತು. ಹುಳ ಕಚ್ಚಿದರೂ ಅದೇ ರಸ, ಕೂದಲು ಉದುರಿದರೂ ಅದೇ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ. ಎದುರುಮನೆಯ ಬಡಗಿ ಉಳಿ ತಾಗಿಸಿಕೊಂಡಾಗಲೂ ಔಷಧಿ ಅಂಗಡಿಗೆ ಹೋಗದೆ ಇಲ್ಲಿಗೇ ಬರುತ್ತಿದ್ದ.

"ಯಾವ ಸೊಪ್ಪು ದೊಡ್ಡಮ್ಮಾ?"

"ತೋರಿಸಿದ್ರೆ ಮದ್ದು ಹಿಡಿಯಲ್ಲ."

"ನನಗಾದ್ರೂ ಹೇಳೇ."

"ನಿನಗಾ? ಸರಿಹೋಯ್ತು! ಸಂಜೆಯೊಳಗೆ ಊರಿಗೆಲ್ಲ ಡಂಗುರ ಸಾರಿಬಿಡ್ತೀಯ."

ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹತ್ತನೇ ವಯಸ್ಸಿನಲ್ಲಿ ಒಂದು ದಿನ ಬಚ್ಚಲಿನ ಕಿಟಕಿಯಿಂದ ಕದ್ದು ನೋಡಿಯೇಬಿಟ್ಟೆ. ನೋಡಿದರೆ ಏನು! ಒಗೆಯುವ ಕಲ್ಲಿನ ಬುಡದ ಕಳೆ! ಒರಟು ಎಲೆ, ಉದ್ದ ಕಡ್ಡಿಯ ತುದಿಗೆ ಅಂಗಿಯ ಗುಂಡಿಯಷ್ಟು ಹೂವು, ನಡುವೆ ಹಳದಿ. "ಕಿತ್ತಷ್ಟೂ ಬರುತ್ತೆ ಹಾಳಾದ್ದು" ಎಂದು ದೊಡ್ಡಪ್ಪ ವಾರಕ್ಕೊಮ್ಮೆ ನನ್ನ ಕೈಯಲ್ಲೇ ಕೀಳಿಸುತ್ತಿದ್ದ ಗಿಡ. ಕೆಲವರು ಅದನ್ನು ಗಾಯದ ಸೊಪ್ಪು ಅಂತಲೇ ಕರೆಯುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಗೊತ್ತಾಗಿದೆ ಎಂದು ಬಾಯಿ ಬಿಡಲಿಲ್ಲ. ಅವಳೇ ಹೇಳಲಿ ಎಂಬ ಹಟ. ಹೆತ್ತ ಮಗಳಾಗಿದ್ದರೆ ಹೇಳುತ್ತಿರಲಿಲ್ಲವೇ? ಹೇಳಿದ ದಿನ ನಾನೂ ಅವಳ ಮಗಳು ಎಂದುಕೊಂಡಿದ್ದೆ. ಅದಕ್ಕೇ ಆಮೇಲೂ ಗಾಯವಾದಾಗೆಲ್ಲ ಅವಳ ಹತ್ತಿರವೇ ಓಡಿದೆ. ದಾರಿಯುದ್ದಕ್ಕೂ ಅದೇ ಸೊಪ್ಪು ಬೆಳೆದಿರುತ್ತಿತ್ತು, ತುಳಿದುಕೊಂಡೇ ಓಡಿದೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಓಡಿದೆ. ಅವಳು ಹೇಳಲೇ ಇಲ್ಲ.

ದೊಡ್ಡಪ್ಪ ಹೋದ ಮೇಲೆ ಅಂಗಡಿ ನಾನೇ ನೋಡಿಕೊಳ್ಳುತ್ತಿದ್ದೇನೆ. ದೊಡ್ಡಮ್ಮ ನನ್ನ ಜೊತೆಗೇ ಇದ್ದಾಳೆ. ಎರಡು ವರ್ಷದಿಂದ ಒಂದೊಂದೇ ಮರೆಯುತ್ತಾ ಬಂದು ಈಗ ನನ್ನನ್ನೂ ಮರೆತಿದ್ದಾಳೆ. ಒಂದು ದಿನ ನಾನು ಹಾಲಿನವಳು, ಇನ್ನೊಂದು ದಿನ ಪಕ್ಕದ ಮನೆಯವಳು. ಇನ್ನೆಲ್ಲಿ ಹೇಳುತ್ತಾಳೆ ಎಂದು ಆಸೆ ಬಿಟ್ಟಿದ್ದೆ. ಸುಳ್ಳು ಯಾಕೆ, ಬಿಟ್ಟಿರಲಿಲ್ಲ.

ನಿನ್ನೆ ಮಧ್ಯಾಹ್ನ ರಟ್ಟು ಕೊಯ್ಯುವಾಗ ಚಾಕು ಜಾರಿ ಹೆಬ್ಬೆರಳು ಸೀಳಿತು. "ಅಮ್ಮಾ!" ಎಂದೆ. ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮ ತಟ್ಟನೆ ಎದ್ದಳು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋದೆ, ಬರಬೇಡ ಎನ್ನಲಿಲ್ಲ. ನನ್ನ ಕಣ್ಣೆದುರೇ ಬಗ್ಗಿ, ಸೊಪ್ಪು ಕಿತ್ತು, ಹೊಸಕಿ, ರಸ ಹಿಂಡಿದಳು.

"ನೋಡ್ಕೋಮ್ಮ, ಇದೇ ಸೊಪ್ಪು. ಎಲ್ಲಾ ಕಡೆ ಸಿಗುತ್ತೆ. ಇನ್ಮೇಲೆ ನೀನೇ ಹಚ್ಕೋಬಹುದು."

ಯಾರೋ ದಾರಿಹೋಕಳಿಗೆ ಇಷ್ಟು ಸಲೀಸಾಗಿ! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. "ತೋರಿಸಿದ್ರೆ ಮದ್ದು ಹಿಡಿಯಲ್ಲ ಅಂತಿದ್ದೆಯಲ್ಲ?" ಎಂದೆ.

ದೊಡ್ಡಮ್ಮ ಕಿಸಕ್ಕನೆ ನಕ್ಕಳು. "ಅದೆಲ್ಲ ಬುರುಡೆ ಕಣಮ್ಮ. ನನ್ನ ಮೈದುನನ ಮಗಳು ಒಬ್ಬಳಿದ್ದಾಳೆ, ಬಾಯಿಬಡುಕಿ. ಬೆರಳು ಕೊಯ್ಕೊಂಡು ನನ್ನ ಹತ್ರ ಓಡಿ ಬರ್ತಾಳೆ. ಇದು ಗೊತ್ತಾದ್ರೆ ತಾನೇ ಹಚ್ಕೋತಾಳೆ. ಆಮೇಲೆ ಯಾಕೆ ಬರ್ತಾಳೆ ಹೇಳು?" ನನ್ನ ಕೈ ಬಿಡದೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನೀನು ಅವಳಿಗೆ ಹೇಳ್ಬೇಡ."

"ಗೊತ್ತಾದ್ರೂ ಬರ್ತಾಳೆ," ಎಂದೆ.

"ನಿಜವಾಗ್ಲೂ?"

"ಅವಳಿಗೆ ಮೊದಲಿಂದ್ಲೂ ಗೊತ್ತು. ಸೊಪ್ಪಿಗೆ ಅಂತ ಬರ್ತಿರ್ಲಿಲ್ಲ ಅವಳು. ನಿನಗೋಸ್ಕರ ಬರ್ತಿದ್ಳು."

ದೊಡ್ಡಮ್ಮ ನನ್ನ ಮುಖ ನೋಡಿದಳು. ಏನು ತಿಳಿಯಿತೋ, ಮುಖ ಅರಳಿತು.

"ಹಾಗಾದ್ರೆ ಬಾಗಿಲು ತೆಗೆದಿಡು," ಎಂದಳು. "ಶಾಲೆ ಬಿಡೋ ಹೊತ್ತಾಯ್ತು."

ಹೋಗಿ ತೆಗೆದಿಟ್ಟೆ.