ಮಾವನನ್ನು ಕತ್ತರಿಸಿದ ದಿನ

ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹೊಸ ಔಷಧ ಹುಡುಕುವುದು ನನ್ನ ಕೆಲಸ. ಆದರೆ ಎಲ್ಲಿಯ ಮಣ್ಣು ತಂದರೂ ಅದರೊಳಗಿನ ಜೀವಿ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ, ಅಂಗಡಿಯಲ್ಲಿ ಸಿಗುವ ಅದೇ ಹಳೆಯ ಔಷಧವನ್ನೇ ತಯಾರಿಸುತ್ತಿತ್ತು. ಅದರ ಅಬ್ಬರದಲ್ಲಿ ಬೇರೇನಾದರೂ ಇದ್ದರೂ ನಮಗೆ ಕಾಣುತ್ತಿರಲಿಲ್ಲ. ಆ ಹಳೆಯ ಔಷಧವನ್ನು ಮಾಡಿಸುವ ಜೀನಿಗೆ ನಾನು ಗುಟ್ಟಾಗಿ ಇಟ್ಟ ಅಡ್ಡಹೆಸರು 'ಮಾವ'.

ಕಾರಣವಿತ್ತು. ನನ್ನ ಮಾವ ಒಂದು ಕಾಲದಲ್ಲಿ ಸೇತುವೆ ಕಟ್ಟಿಸಿದ ಎಂಜಿನಿಯರು. ಊಟಕ್ಕೆ ಕೂತರೆ ಆ ಸೇತುವೆ ಮೊದಲ ಕಂಬದಿಂದ ಮತ್ತೆ ಏಳುತ್ತಿತ್ತು. ಮನುಷ್ಯ ಬಂಗಾರ, ಆದರೆ ಅವರ ಮಾತಿನ ನಡುವೆ ಸೂಜಿ ತೂರಿಸಲೂ ಜಾಗವಿರಲಿಲ್ಲ. ಅತ್ತೆ ಸುಮ್ಮನೆ ಬಡಿಸುತ್ತಿದ್ದರು.

"ಈ ಸಲವೂ ಹೊಸದೇನೂ ಸಿಗದಿದ್ರೆ ಈ ಕೆಲಸ ನಿಲ್ಲಿಸ್ತೀನಿ. ನೀವು ನೀರು ಪರೀಕ್ಷೆ ವಿಭಾಗಕ್ಕೆ ಹೋಗಿ" ಎಂದು ನಿರ್ದೇಶಕಿ ಖಡಾಖಂಡಿತವಾಗಿ ಹೇಳಿದ್ದರು. ನನಗೆ ಅಳುವೇ ಬಂದಿತ್ತು. ಕೊನೆಗೆ ಜೀನ್ ತಿದ್ದುವ ಕತ್ತರಿಯಿಂದ ಆ ಗದ್ದಲದ ಜೀನನ್ನೇ ತೆಗೆದುಹಾಕಿದೆ. ಸಂಜೆ ಅಡುಗೆಮನೆಯಿಂದ, ಆ ಅಡ್ಡಹೆಸರು ಗೊತ್ತಿದ್ದ ಗೆಳತಿಗೆ ಫೋನ್ ಮಾಡಿದೆ.

"ಇವತ್ತು ಮಾವನ್ನ ಕತ್ತರಿಸಿಬಿಟ್ಟೆ ಕಣೇ. ಎಷ್ಟು ಅಂತ ಸಹಿಸ್ಕೊಳ್ಳೋದು? ಇನ್ಮೇಲಾದ್ರೂ ಬೇರೆಯವರ ದನಿ ಕೇಳಿಸುತ್ತಾ ನೋಡೋಣ."

ತಿರುಗಿದರೆ ಬಾಗಿಲಲ್ಲಿ ಮಾವ, ಕೈಯಲ್ಲಿ ಖಾಲಿ ಲೋಟ. ಅದು ಬ್ಯಾಕ್ಟೀರಿಯಾದ ಜೀನು ಎಂದು ತಡವರಿಸುತ್ತ ವಿವರಿಸಿದೆ. ಪೂರ್ತಿ ಕೇಳಿದರು.

"ಸರಿಯಮ್ಮ. ಅದಕ್ಕೆ ನನ್ನ ಹೆಸರು ಯಾಕಿಟ್ಟೆ?"

ನಾನು ಅವರ ಕೈಯ ಲೋಟ ತೆಗೆದುಕೊಂಡು ನೀರು ತುಂಬಿಸತೊಡಗಿದೆ.

ಆ ರಾತ್ರಿ ಊಟಕ್ಕೆ ಮಾವ ತುಟಿ ಬಿಚ್ಚಲಿಲ್ಲ. ನಾನು ತಲೆ ಎತ್ತಲಿಲ್ಲ. ಏನೂ ತಿಳಿಯದ ನನ್ನ ಗಂಡ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ. ತಟ್ಟೆಗಳು ಅರ್ಧ ಖಾಲಿಯಾದ ಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡರು.

"ಮೊದಲನೇ ಸಲ ಸಿಕ್ಕಾಗಲೂ ಇವರು ಹೀಗೇ ಸುಮ್ಮನಿದ್ರು. ಗಂಭೀರ ಮನುಷ್ಯ ಅಂದ್ಕೊಂಡು ಒಪ್ಕೊಂಡೆ. ಮದುವೆ ಆದ್ಮೇಲೆ ಗೊತ್ತಾಯ್ತು, ಆವತ್ತು ಗಂಟಲು ಕಟ್ಟಿತ್ತಂತೆ."

ಗಂಡನಿಗೆ ನೀರು ನೆತ್ತಿಗೇರಿತು. ಮಾವ ಗೋಡೆ ಕಡೆ ಮುಖ ತಿರುಗಿಸಿದರು, ಆದರೆ ಅವರ ಭುಜ ಕುಲುಕುತ್ತಿತ್ತು.

ಮರುದಿನ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಆ ಬ್ಯಾಕ್ಟೀರಿಯಾದ ಸುತ್ತ ಪರೀಕ್ಷೆಗೆಂದು ಹರಡಿದ್ದ ರೋಗಾಣುಗಳು ಅಂಚಿನಿಂದ ಅಂಚಿಗೆ ಹಾಯಾಗಿ ಬೆಳೆದಿದ್ದವು. ಹಳೆಯ ಔಷಧವೂ ಇಲ್ಲ, ಹೊಸದೂ ಇಲ್ಲ. ಎಸೆಯಿರಿ ಎಂದರು ನಿರ್ದೇಶಕಿ.

"ಈ ಸಲ ಅದನ್ನ ಇನ್ನೂ ಕೆಲವು ದಿನ ಬೆಳೆಸಿ ನೋಡ್ತೀನಿ ಮೇಡಂ" ಎಂದೆ. "ಇಷ್ಟು ಕಾಲ ಸುಮ್ಮನಿದ್ದದ್ದಕ್ಕೆ ಮಾತು ಕೂಡಿಸ್ಕೊಳ್ಳೋಕೆ ಹೊತ್ತು ಬೇಡ್ವಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೂಂ ಎಂದರು. ವಾರ ಕಳೆದು ಮತ್ತೆ ಪರೀಕ್ಷಿಸಿದಾಗ ಆ ಬ್ಯಾಕ್ಟೀರಿಯಾದ ಸುತ್ತ ಒಂದು ರೋಗಾಣುವೂ ಸುಳಿಯದ, ತಿಳಿಯಾದ ಉಂಗುರ ಮೂಡಿತ್ತು. ಅದು ಹೊರಬಿಟ್ಟ ವಸ್ತುವನ್ನು ಯಂತ್ರದಲ್ಲಿ ಅಳೆದ ರಸಾಯನಶಾಸ್ತ್ರದವನು, ಇಂಥದ್ದನ್ನು ಇದುವರೆಗೆ ಎಲ್ಲೂ ಕಂಡಿಲ್ಲ ಎಂದ. ನಾನು ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕೆ. ನೀರು ಪರೀಕ್ಷೆ ವಿಭಾಗಕ್ಕೆ ಹೋಗುವುದು ತಪ್ಪಿತು.

ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದೆ. ಮಾವನ ಮುಖ ಅರಳಿತು. "ನಮ್ಮ ಸೇತುವೆಯ ಮೂರನೇ ಕಂಬದಲ್ಲೂ ಹೀಗೇ..." ಎಂದು ಶುರುಮಾಡಿದವರು ಅಲ್ಲೇ ನಿಲ್ಲಿಸಿ, ಅತ್ತೆಯ ಕಡೆ ತಿರುಗಿದರು.

"ಗಂಟಲು ಕಟ್ಟಿದ್ದು ನಿಜ. ಆಮೇಲಿಂದು ನೀನೇ ಹೇಳು."

ಅತ್ತೆ ಸೌಟು ಕೆಳಗಿಟ್ಟು, ಕುರ್ಚಿ ಎಳೆದು ನಮ್ಮ ಜೊತೆ ಕೂತರು.

"ಆಮೇಲೆ ನಲವತ್ತು ವರ್ಷ ಆಯ್ತು. ಎಲ್ಲಿಂದ ಶುರು ಮಾಡ್ಲಿ?"