ಅವನ ಪರವಾಗಿ ಮೂವರು

"ಹಲೋ, ನಮ್ಮಲ್ಲೊಬ್ಬ ಕೆಲಸದವನಿದ್ದಾನೆ. ಕೈ ಚಿನ್ನ, ಗಂಟಲು ಚರಂಡಿ. ಕುಡಿತ ಬಿಡೋರದ್ದು ಏನೋ ಸಭೆ ನಡೆಸ್ತೀರಂತಲ್ಲ, ಎಲ್ಲಿ ಅದು?"

ದನಿ ಮಾಲೀಕರದು. ಮೂಗಿನಲ್ಲಿ ಹುಟ್ಟಿ, ನಡುವೆ ಒಮ್ಮೆ ಕೆಮ್ಮಿ, ಕೊನೆಯ ಪದವನ್ನು ಜಗಿದು ಉಗುಳುವ ದನಿ. ಬಾಯಿ ಮಾತ್ರ ಅವರ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವವನದು. ಉಗ್ರಾಣದಲ್ಲಿ ಪ್ಲಾಸ್ಟರ್ ಚೀಲಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತು ಫೋನ್ ಹಿಡಿದಿದ್ದ.

"ವಾಚನಾಲಯದ ಹಿಂದಿನ ಮೆಟ್ಟಿಲು ಹತ್ತಿದರೆ ಮಹಡಿ ಮೇಲೆ. ಗುರುವಾರ ಸಂಜೆ," ಎಂದಿತು ಆ ಕಡೆಯ ಹೆಂಗಸಿನ ದನಿ. "ಅವರನ್ನೇ ಕಳಿಸಿ ಸರ್. ಹೆಸರು ಕೇಳಲ್ಲ ನಾವು."

"ಬರ್ತಾನೋ ಇಲ್ವೋ ಆ ಪುಣ್ಯಾತ್ಮ," ಎಂದು ಮಾಲೀಕರ ಹಾಗೇ ಗೊಣಗಿ ಫೋನ್ ಇಟ್ಟ.

ಹೊಟ್ಟೆಪಾಡಿಗೆ ಬೇರೆಯವರ ಬಾಯಿಗೆ ಹಲ್ಲು ಕೂರಿಸುವವನು, ಖುಷಿಗೆ ಬೇರೆಯವರ ಬಾಯಿಯನ್ನೇ ಕದಿಯುತ್ತಿದ್ದ. ದವಡೆಯ ಅಚ್ಚು ನೋಡಿದರೆ ಸಾಕು, ಅದರ ಒಡೆಯ 'ಸ' ಅನ್ನುವಾಗ ಎಲ್ಲಿ ಗಾಳಿ ಸೋರುತ್ತದೆ ಅಂತ ಹೇಳಿಬಿಡುತ್ತಿದ್ದ. ಕುಡಿದು ಮಾಡಿದ ಒಂದು ಸೆಟ್ಟು ಮೊನ್ನೆ ವಾಪಸು ಬಂದಿತ್ತು. ಹಾಕಿಕೊಂಡ ಅಜ್ಜಿಗೆ ಬಾಯಿ ಮುಚ್ಚಲಾಗದೆ, ತೆಗೆಯಲೂ ಆಗದೆ ಫಜೀತಿ. ಇನ್ನೊಂದು ಹೀಗಾದರೆ ಬರಬೇಡ ಅಂದಿದ್ದರು ಮಾಲೀಕರು. ಈ ಫೋನಿನ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಆ ಅಜ್ಜಿಯನ್ನೇ ನಕಲು ಮಾಡಿ ತೋರಿಸಿದ್ದ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಅಪ್ಪಾ, ಈಗ ನಾನು," ಎಂದಳು ಹೈಸ್ಕೂಲಿನ ಮಗಳು.

ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಬೀಗದ ಕೈ ತೂತು ಹುಡುಕುತ್ತಾ ಕರಕರ ಅಂದಿತು. ಭುಜ ಗೋಡೆಗೆ ಆನಿಸಿ ಒಳಗೆ ಬಂದವಳು ಒಂದು ಚಪ್ಪಲಿ ಬಿಟ್ಟು, ಕಾಲಲ್ಲೇ ಇದ್ದ ಇನ್ನೊಂದನ್ನು ನೆಲವೆಲ್ಲಾ ಹುಡುಕಿದಳು. "ನಾನು... ಸರಿಯಾಗೇ... ಇದೀನಿ." ತೊದಲದಿರಲೆಂದು ಪದಕ್ಕೊಂದು ಉಸಿರು ನಿಲ್ಲಿಸುವ ಅವನ ಬಿಗುಮಾನವೂ ಇತ್ತು.

ಮೊದಲು ಗಹಗಹಿಸಿ ನಕ್ಕವನು ಅವನೇ. ನನ್ನನ್ನೂ ಮೀರಿಸಿದಳಲ್ಲ ಅನ್ನುವ ಹೆಮ್ಮೆ. ಮಗಳು ನಗುತ್ತಿರಲಿಲ್ಲ.

"ಇನ್ನೂ ಇದೆ. ಬೆಳಿಗ್ಗೆ ಎದ್ದು ಅಮ್ಮನ ಹತ್ರ ಆಣೆ ಇಡೋದು."

"ಸಾಕು ಬಿಡು ಪುಟ್ಟಾ."

ಇಷ್ಟು ಕರಾರುವಾಕ್ಕಾಗಿ ಹಿಡಿಯಬೇಕಾದರೆ ಎಷ್ಟು ಸಲ ನೋಡಿರಬೇಕು ಅನ್ನುವುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಮಾರನೇ ದಿನವೇ ಉಗ್ರಾಣ ಸೇರಿ ಫೋನ್ ಮಾಡಿದ್ದ.

ಗುರುವಾರ ವಾಚನಾಲಯದ ಮೆಟ್ಟಿಲ ತನಕ ಹೋಗಿ, ಪೇಪರ್ ಓದಲು ಬಂದವನಂತೆ ಕತ್ತು ತಿರುಗಿಸಿ, ಹಾಗೇ ಮಾಮೂಲಿ ಬ್ರಾಂಡಿ ಅಂಗಡಿಗೆ ನಡೆದ. ಮುಂದಿನ ವಾರ ಅದೇ ಉಗ್ರಾಣದಿಂದ ಅವನ ಅತ್ತೆ ಫೋನ್ ಮಾಡಿದರು.

"ನಮ್ಮ ಅಳಿಯ ದೇವರಂಥವನು ಕಣಮ್ಮಾ, ಹೊತ್ತು ಮುಳುಗೋ ತನಕ. ಬಂದ್ರೆ ಬೈತೀರಾ?"

"ಇಲ್ಲಮ್ಮ. ಬೈಸಿಕೊಂಡು ಸಾಕಾದವರೇ ಇಲ್ಲಿರೋದು."

ಎರಡು ದಿನ ಬಿಟ್ಟು ವಕೀಲ ಅಣ್ಣನ ಸರದಿ. "ಬಂದ ಮಾತ್ರಕ್ಕೆ ನನ್ನ ತಮ್ಮ ಬಿಡ್ತಾನೆ ಅನ್ನೋದಕ್ಕೆ ಗ್ಯಾರಂಟಿ ಏನ್ರೀ?"

"ಏನೂ ಇಲ್ಲ ಸರ್. ನನಗೂ ಯಾರೂ ಕೊಟ್ಟಿರ್ಲಿಲ್ಲ."

ಆ ಹೆಂಗಸೇ ಮುಂದುವರಿಸಿದಳು. "ಅವರಿಗೋಸ್ಕರ ಮಾಲೀಕರು, ಅತ್ತೆ, ಅಣ್ಣ, ಎಷ್ಟು ಜನ ಒದ್ದಾಡ್ತಿದ್ದೀರಿ ನೋಡಿ. ಪಾಪ, ಎಲ್ಲರಿಗೂ ಸೇರಿ ಒಂದೇ ನಂಬರು. ಗುರುವಾರ ಮೂರೂ ಜನ ಬಂದ್ಬಿಡಿ. ಚಹಾ ಇರುತ್ತೆ."

ಗುರುವಾರ ಮೆಟ್ಟಿಲು ಹತ್ತಿದ. ಹಳೇ ಪತ್ರಿಕೆಗಳ ಕಟ್ಟು ಪೇರಿಸಿದ ಕೋಣೆ, ನೆಲಕ್ಕೆ ಉದ್ದನೆಯ ಜಮಖಾನ, ಗೋಡೆಗೊರಗಿದ ಏಳೆಂಟು ಜನ. ಕುತ್ತಿಗೆಯಲ್ಲಿ ಅಳತೆಯ ಟೇಪು ಮರೆತು ಬಂದಿದ್ದ ದರ್ಜಿ ಹೆಂಗಸೊಬ್ಬಳು ತಲೆಯೆತ್ತಿದಳು. ಮಾತಾಡಿದ ಕೂಡಲೇ ಫೋನಿನವಳೆಂದು ಗೊತ್ತಾಯಿತು.

"ಒಬ್ಬರೇ ಬಂದ್ರಾ? ಮೂರು ಲೋಟ ಹೇಳಿದ್ದೆನಲ್ಲ."

"ಅಯ್ಯೋ, ಮಂಡಿ ನೋವು ಕಣಮ್ಮಾ, ಮಹಡಿ ಹತ್ತೋಕಾಗಲ್ಲ," ಎಂದ, ಅತ್ತೆಯಾಗಿ.

ಕೋಣೆಯೆಲ್ಲಾ ನಕ್ಕಿತು. ಅವನ ಬಾಯಲ್ಲಿ ಮಾಲೀಕರೂ ಬಂದು ಕೆಮ್ಮಿ ಹೋದರು. ಇದೇ ಧಾಟಿಯಲ್ಲಿ ಸಂಜೆ ಕಳೆದುಬಿಡಬಹುದಿತ್ತು. ನಗು ಇಳಿದ ಮೇಲೆ ಯಾರೂ ಇನ್ನೊಂದು ಕೇಳಲಿಲ್ಲ, ಬೇಡ ಅನ್ನಲೂ ಇಲ್ಲ.

"ನನ್ನ ಮಗಳು ನನ್ನ ಥರ ಮಾಡ್ತಾಳೆ. ಕುಡಿದು ಬಂದಾಗಿನ ಥರ," ಎಂದ ಕೊನೆಗೆ.

"ಹೇಗೆ ಮಾಡ್ತಾಳೆ?" ಮೂಲೆಯಲ್ಲಿದ್ದ ಮುದುಕರು ಕೇಳಿದರು. ಹಿಂದೆ ಬಸ್ ಓಡಿಸುತ್ತಿದ್ದವರು.

ಬಾಯಿ ತೆರೆದ. ತುಟಿ ಸರಿಮಾಡಿಕೊಂಡ. ಮತ್ತೆ ತೆರೆದ.

"ಅದೊಂದು ನನಗೆ ಬರಲ್ಲ," ಎಂದ.

ದರ್ಜಿ ಹೆಂಗಸು ಚಹಾದ ಲೋಟವನ್ನು ಅವನ ಕಡೆ ಸರಿಸಿದಳು. ಅವನು ಬೀಗದ ಕೈಯಿಂದ ಶುರುಮಾಡಿದ, ಆಣೆಯ ತನಕ ಹೇಳಿದ. ಕೆಟ್ಟದಾಗಿ, ತಡವರಿಸುತ್ತಾ, ಒಂದು ಪದಕ್ಕೂ ಬಣ್ಣ ಹಚ್ಚದೆ.

ಸಭೆ ಮುಗಿದಾಗ, ಮಡಚಲೆಂದು ಜಮಖಾನದ ಒಂದು ತುದಿ ಅವನ ಕೈಗೆ ಬಂತು. ಇನ್ನೊಂದು ತುದಿ ಹಿಡಿದವರು ಬಸ್ಸಿನ ಮುದುಕರು. ಅವರ ಕೈ ನಡುಗುತ್ತಿತ್ತು. ನಡುಕ ಬಟ್ಟೆಯುದ್ದಕ್ಕೂ ಸಣ್ಣ ಅಲೆಯಾಗಿ ಬಂದು ಅವನ ಬೆರಳಿಗೆ ತಾಕಿತು. ಅವನ ಕೈಯ ನಡುಕವೂ ಆ ಕಡೆಗೆ ಹೊರಟಿತ್ತು.

"ಸ್ವಲ್ಪ ಎಳೆದು ಹಿಡ್ಕೊಳ್ಳಿ," ಎಂದರು ಮುದುಕರು.

ಎಳೆದು ಹಿಡಿದ. ಬಟ್ಟೆ ನೇರವಾಯಿತು. ಆಮೇಲೆ ಇಬ್ಬರೂ ತಮ್ಮ ತಮ್ಮ ಅಂಚು ಎತ್ತಿಕೊಂಡು ಒಬ್ಬರ ಕಡೆಗೊಬ್ಬರು ನಡೆದರು.